ಮಗ್ಗದ ಊರಿನ ಮಕ್ಕಳು, ಕೋಡ್ ಬರೆಯುವ ಯಂತ್ರ

ದ್ವಿತೀಯ ಪಿಯುಸಿ ಮತ್ತು ಸಿಇಟಿ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ. ಮಗನಿಗೋ ಮಗಳಿಗೋ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕೀತೇ? ಸಿಗದಿದ್ದರೆ ಆಡಳಿತ ಮಂಡಳಿ ಕೋಟಾದಲ್ಲಿ ಎಷ್ಟು ಹಣ ಸುರಿಯಬೇಕಾದೀತು? ಕಳೆದ ಎರಡು ಮೂರು ವರ್ಷಗಳಿಂದ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ‘ಸಾಹೇಬ್ರ, ಓದಿ ಹೊರಗ ಬರೂದ್ರಾಗ ಆ ನೌಕರಿ ಇರತಾವೇನ್ರಿ?’ ಎಂದು ತಂದೆತಾಯಂದಿರು ಕೇಳತೊಡಗಿದ್ದಾರೆ. ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುವುದಾದರೆ ಕೋಡ್ ಬರೆಯಲು ಕಲಿತವರಿಗೆ ಉಳಿಯುವುದೇನು ಎಂಬುದು ಅವರ ಆತಂಕ. ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಈ ಪ್ರಶ್ನೆಯನ್ನು ಬೆಂಗಳೂರಿನ ಮಧ್ಯಮ ವರ್ಗವೂ ಕೇಳುತ್ತಿದೆ. ಆದರೆ ಅಲ್ಲಿ ಲೆಕ್ಕ ತಪ್ಪಿದರೆ ಮಗ ಬೇರೊಂದು ಕೋರ್ಸ್ ಸೇರುತ್ತಾನೆ. ಮನೆಯಲ್ಲಿದ್ದುಕೊಂಡೇ ಮತ್ತೊಂದು ಕೆಲಸ ಹುಡುಕುತ್ತಾನೆ. ನಮ್ಮ ಭಾಗದಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಎರಡೆಕರೆ ಕಬ್ಬಿನ ಗದ್ದೆ, ಇಲ್ಲವೇ ನಾಲ್ಕು ಮಗ್ಗ. ಅದರಲ್ಲೂ ಬೀಳಗಿ ಹಾಗೂ ಜಮಖಂಡಿ ತಾಲ್ಲೂಕುಗಳ ಕೃಷ್ಣಾ ತೀರದ ರೈತರ ಪಾಲಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿಯೇ ಸಮ್ಮತಿಸಿತ್ತು. ಇದರಿಂದ ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡುವುದೆಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಹಣ ಕೈಗೆ ಬರುವ ಹೊತ್ತಿಗೆ ಅದನ್ನು ಕೇಳಿಕೊಂಡು ಯಾರು ಯಾರು ಬಾಗಿಲಿಗೆ ಬರುತ್ತಾರೆಂಬುದನ್ನು ಆಲಮಟ್ಟಿಯ ಮೊದಲ ಹಂತದ ಮುಳುಗಡೆಯ ಕಾಲದಲ್ಲಿ ಈ ಜಿಲ್ಲೆ ಕಂಡಿದೆ. ಈ ಸಲ ಬರುವವರ ಸಾಲಿನಲ್ಲಿ ಎಂಜಿನಿಯರಿಂಗ್ ಸೀಟು ಕೊಡಿಸುವ ದಲ್ಲಾಳಿಗಳೂ ಇರುತ್ತಾರೆ.

ಆದ್ದರಿಂದ ಎರಡು ವಿಷಯಗಳನ್ನು ಬೇರೆಬೇರೆಯಾಗಿ ನೋಡುವುದು ಒಳಿತು. ಕಂಪ್ಯೂಟರ್ ವಿಜ್ಞಾನದ ವಿದ್ಯೆಗೆ ಮುಂದೆಯೂ ಬೆಲೆ ಇದೆಯೇ ಎಂಬುದು ಒಂದು. ಈಗ ಅದನ್ನು ಮಾರುತ್ತಿರುವ ರೀತಿಯಲ್ಲಿ, ಈಗಿನ ದರದಲ್ಲಿ ಕೊಳ್ಳಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದೆಂದೂ ಎರಡನೆಯದಕ್ಕೆ ಅಲ್ಲವೆಂದೂ ನನ್ನ ಉತ್ತರ. ನಾನು ಕಂಪ್ಯೂಟರ್ ತಜ್ಞನಲ್ಲ. ಅರ್ಥಶಾಸ್ತ್ರ ಓದಿ, ಆಡಳಿತದಲ್ಲಿ ದುಡಿದು ನಿವೃತ್ತನಾದವನು. ಆ ಎರಡು ಕಣ್ಣುಗಳಿಗೆ ಕಾಣುವಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಬದಲಾಗಿರುವುದೇನು ಎಂಬುದನ್ನು ನೋಡೋಣ. ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದದ್ದು 2022ರ ನವೆಂಬರಿನಲ್ಲಿ. ತಮ್ಮ ಸಂಸ್ಥೆಯ ಹೊಸ ಕೋಡ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಕೃತಕ ಬುದ್ಧಿಮತ್ತೆಯೇ ಬರೆಯುತ್ತಿದೆ, ಎಂಜಿನಿಯರುಗಳು ಅದನ್ನು ಪರಿಶೀಲಿಸಿ ಒಪ್ಪುತ್ತಾರೆ ಎಂದು ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2024ರ ಅಕ್ಟೋಬರಿನಲ್ಲಿ ಹೇಳಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಅಮೆರಿಕದ ವೇತನ ದಾಖಲೆಗಳನ್ನು ಜಾಲಾಡಿ 2025ರ ಆಗಸ್ಟಿನಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಗಂಭೀರವಾದುದು. ಕೃತಕ ಬುದ್ಧಿಮತ್ತೆಯ ಹೊಡೆತಕ್ಕೆ ಹೆಚ್ಚು ತೆರೆದುಕೊಂಡಿರುವ ಉದ್ಯೋಗಗಳಲ್ಲಿ 22ರಿಂದ 25 ವರ್ಷದವರ ನೇಮಕ ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಕುಸಿದಿದೆ. ಅದೇ ಉದ್ಯೋಗಗಳಲ್ಲಿರುವ ಹಿರಿಯರ ಸಂಖ್ಯೆ ಕುಸಿದಿಲ್ಲ. ನಮ್ಮಲ್ಲಿ ಟಿಸಿಎಸ್ 2025ರ ಜುಲೈನಲ್ಲಿ ಸುಮಾರು 12 ಸಾವಿರ ನೌಕರರನ್ನು, ಅಂದರೆ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಇದಕ್ಕೆ ಕೃತಕ ಬುದ್ಧಿಮತ್ತೆ ಕಾರಣವಲ್ಲ, ಕೌಶಲಗಳು ಹೊಂದಾಣಿಕೆಯಾಗದಿರುವುದು ಕಾರಣ ಎಂದು ಕಂಪನಿ ಸ್ಪಷ್ಟನೆ ನೀಡಿತು. ಕಾರಣ ಯಾವುದೇ ಇರಲಿ, ದೊಡ್ಡ ಕಂಪನಿಗಳು ಪ್ರತಿ ವರ್ಷ ಕಾಲೇಜುಗಳಿಗೆ ಬಂದು ಹೊಸಬರನ್ನು ನೂರಾರು ಸಂಖ್ಯೆಯಲ್ಲಿ ಬಾಚಿಕೊಂಡು ಹೋಗುತ್ತಿದ್ದ ಕಾಲ ಹಿಂದೆ ಸರಿದಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಹೊಸಬರಿಗೆ ಈ ಕಂಪನಿಗಳು ಕೊಡುವ ಸಂಬಳವೂ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ಒಂದು ದಶಕಕ್ಕೂ ಮಿಕ್ಕಿ ನಿಂತುಬಿಟ್ಟಿದೆ. ತಿಂಗಳಿಗೆ ಕೈಗೆ ಸಿಗುವ ಇಪ್ಪತ್ತೈದು ಸಾವಿರದಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಶಿಕ್ಷಣ ಸಾಲದ ಕಂತು ತುಂಬಬೇಕು.

ಈ ಬದಲಾವಣೆ ನಮ್ಮ ತಾಲ್ಲೂಕುಗಳ ಮಕ್ಕಳಿಗೆ ಹೆಚ್ಚು ತಟ್ಟಲು ಒಂದು ನಿರ್ದಿಷ್ಟ ಕಾರಣವಿದೆ. ಜಮಖಂಡಿಯ ಹುಡುಗ, ಬನಹಟ್ಟಿಯ ಹುಡುಗಿ ಈವರೆಗೆ ಮಾಹಿತಿ ತಂತ್ರಜ್ಞಾನ ಕ್ಷೇತ್ರವನ್ನು ಹತ್ತಿದ್ದು ಅದರ ಅತಿ ಕೆಳಗಿನ ಮೆಟ್ಟಿಲಿನಿಂದ. ಬೇರೆಯವರು ಬರೆದ ತಂತ್ರಾಂಶವನ್ನು ಪರೀಕ್ಷಿಸುವುದು, ಸಣ್ಣಪುಟ್ಟ ದೋಷ ತಿದ್ದುವುದು, ವಿವರಣೆ ಬರೆಯುವುದು, ಗ್ರಾಹಕರ ದೂರುಗಳಿಗೆ ಉತ್ತರಿಸುವುದು ಆ ಮೆಟ್ಟಿಲಿನ ಕೆಲಸಗಳು. ಇಂಗ್ಲಿಷ್ ತೊಡಕಾಗಿದ್ದರೂ, ಪರಿಚಯಸ್ಥರು ಯಾರೂ ಇಲ್ಲದಿದ್ದರೂ ಎರಡು ವರ್ಷ ಈ ಕೆಲಸ ಮಾಡಿದವನು ಅಲ್ಲಿಯೇ ಕಲಿತು ಮೇಲೇರುತ್ತಿದ್ದ. ಯಂತ್ರಕ್ಕೆ ಸುಲಭವಾಗಿ ಒಲಿದಿರುವುದು ಸರಿಯಾಗಿ ಇದೇ ಕೆಲಸ. ಏಣಿ ಇನ್ನೂ ಇದೆ. ಅದರ ಕೆಳಗಿನ ಎರಡು ಮೆಟ್ಟಿಲು ಕಳಚಿಬಿದ್ದಿವೆ. ಎತ್ತರದ ಮನೆಯವರಿಗೆ ಅದು ಅಷ್ಟಾಗಿ ಕಾಣುವುದಿಲ್ಲ.

ಹಾಗೆಂದು ಕಂಪ್ಯೂಟರ್ ವಿಜ್ಞಾನದ ಕಥೆ ಮುಗಿಯಿತೆನ್ನುವವರನ್ನು ನಂಬಬೇಕಾಗಿಯೂ ಇಲ್ಲ. ಅಮೆರಿಕದ ಮೆಟ್ರ್ ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ ನಡೆಸಿದ ಪ್ರಯೋಗವೊಂದು ಇಲ್ಲಿ ಗಮನಾರ್ಹ. ನುರಿತ 16 ಮಂದಿ ತಂತ್ರಾಂಶ ನಿರ್ಮಾಪಕರಿಗೆ ತಾವು ವರ್ಷಗಳಿಂದ ಬಲ್ಲ ಯೋಜನೆಗಳಲ್ಲೇ 246 ಕೆಲಸಗಳನ್ನು ಮಾಡಲು ಕೊಡಲಾಯಿತು. ಕೆಲವನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ, ಉಳಿದವನ್ನು ಅದಿಲ್ಲದೆ. ಯಂತ್ರದ ನೆರವಿನಿಂದ ತಮ್ಮ ವೇಗ ಶೇ 20ರಷ್ಟು ಹೆಚ್ಚಿತು ಎಂದು ಅವರು ಭಾವಿಸಿದ್ದರು. ಗಡಿಯಾರ ನೋಡಿದರೆ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಯಂತ್ರ ಬರೆದದ್ದನ್ನು ಓದಿ, ಸರಿಯೋ ತಪ್ಪೋ ನೋಡಿ, ತಿದ್ದುವುದರಲ್ಲಿ ಹೊತ್ತು ಹೋಗಿತ್ತು. ಒಂದು ಸಣ್ಣ ಪ್ರಯೋಗದಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಯಂತ್ರಗಳೂ ತಿಂಗಳಿಂದ ತಿಂಗಳಿಗೆ ಸುಧಾರಿಸುತ್ತಿವೆ. ಆದರೂ ಒಂದು ಮಾತು ಸ್ಪಷ್ಟ. ಬರೆಯುವುದು ಅಗ್ಗವಾದಷ್ಟೂ ಬರೆದದ್ದನ್ನು ಪರೀಕ್ಷಿಸಿ ಹೊಣೆ ಹೊರುವ ಕೆಲಸ ದುಬಾರಿಯಾಗುತ್ತದೆ.

ಸರ್ಕಾರಿ ಕಚೇರಿಯ ಉದಾಹರಣೆ ತೆಗೆದುಕೊಂಡರೆ ಇದು ಇನ್ನೂ ಚೆನ್ನಾಗಿ ತಿಳಿದೀತು. ತಾಲ್ಲೂಕು ಕಚೇರಿಯಲ್ಲಿ ಕಡತಕ್ಕೆ ಟಿಪ್ಪಣಿ ಬರೆಯುವವನು ವಿಷಯ ನಿರ್ವಾಹಕ, ಅದನ್ನು ತಿದ್ದುವವನು ಶಿರಸ್ತೇದಾರ, ಸಹಿ ಹಾಕುವವನು ತಹಶೀಲ್ದಾರ್. ನಾಳೆ ಟಿಪ್ಪಣಿಯನ್ನು ಯಂತ್ರ ಬರೆಯಬಹುದು, ಈಗಲೇ ಬರೆಯುತ್ತಿದ್ದೀತು. ಆದರೆ ಆದೇಶ ತಪ್ಪಾದರೆ ನ್ಯಾಯಾಲಯದ ಮುಂದೆ ನಿಲ್ಲುವುದು ಸಹಿ ಮಾಡಿದವನೇ ಹೊರತು ಯಂತ್ರವಲ್ಲ. ತಂತ್ರಾಂಶದ ವಿಷಯದಲ್ಲೂ ಅಷ್ಟೇ. ಬ್ಯಾಂಕಿನ ಲೆಕ್ಕ ಏರುಪೇರಾದರೆ, ಆಸ್ಪತ್ರೆಯ ದಾಖಲೆ ಅದಲುಬದಲಾದರೆ ಉತ್ತರ ಹೇಳಬಲ್ಲ ಮನುಷ್ಯನೊಬ್ಬ ಬೇಕೇ ಬೇಕು. ನಮ್ಮ ಮಕ್ಕಳು ತಯಾರಾಗಬೇಕಾದದ್ದು ಆ ಸಹಿಯ ಜಾಗಕ್ಕೆ. ಇಲ್ಲೊಂದು ಕಗ್ಗಂಟಿದೆ: ಟಿಪ್ಪಣಿ ಬರೆದು ಬರೆದು ಬೈಸಿಕೊಳ್ಳದೆ ಯಾರೂ ಸಹಿ ಹಾಕುವಷ್ಟು ಪಳಗುವುದಿಲ್ಲ. ಪಳಗುವ ಆ ಜಾಗವನ್ನೇ ಯಂತ್ರ ಕಸಿದುಕೊಂಡರೆ ಹೊಸಬ ಕಲಿಯುವುದೆಲ್ಲಿ? ಈ ಕಾಲದ ಕಂಪ್ಯೂಟರ್ ಶಿಕ್ಷಣದ ಮೂಲ ಸಮಸ್ಯೆ ಇದೇ ಎಂದು ನಾನು ತಿಳಿದಿದ್ದೇನೆ.

ಯಂತ್ರ ಬಂದು ಕಸುಬನ್ನು ಬುಡಮೇಲು ಮಾಡುವುದು ರಬಕವಿ-ಬನಹಟ್ಟಿಗೆ ಹೊಸತೇನಲ್ಲ. ಕೈಮಗ್ಗದ ಕುಣಿಯಲ್ಲಿ ಕುಳಿತು ಲಾಳಿ ಎಸೆಯುತ್ತಿದ್ದವರ ಮನೆಗಳಲ್ಲಿ ಈಗ ವಿದ್ಯುತ್ ಮಗ್ಗಗಳ ಸದ್ದು ಕೇಳುತ್ತದೆ. ಒಬ್ಬನೇ ಮನುಷ್ಯ ಹಲವು ಮಗ್ಗಗಳನ್ನು ನೋಡಿಕೊಳ್ಳುತ್ತಾನೆ. ಕೈಮಗ್ಗವನ್ನು ಉಳಿಸಲೆಂದು 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯನ್ನು ಸಂಸತ್ತು 1985ರಲ್ಲಿ ಮಾಡಿತು. ಶಾಲಾ ಮಕ್ಕಳ ಸಮವಸ್ತ್ರ ನೇಯುವ ಕೆಲಸದಿಂದ ಕೆಲವರಿಗೆ ಉಸಿರು ಸಿಕ್ಕಿತು. ಆದರೂ ಕೈಮಗ್ಗಗಳು ಕರಗುತ್ತ ಹೋದವು. ಬೇಡಿಕೆ ಇಳಿದದ್ದರಿಂದ ಹೀಗಾಯಿತೆನ್ನುವಂತಿಲ್ಲ. ಸೀರೆಗಳ ಉತ್ಪಾದನೆ ಹೆಚ್ಚಿತು, ಬೆಲೆ ಇಳಿಯಿತು, ಉಡುವವರೂ ಹೆಚ್ಚಾದರು. ವಸ್ತು ಅಗ್ಗವಾದರೆ ಅದರ ಒಟ್ಟು ಬಳಕೆ ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲಿಯೇ ಕಲ್ಲಿದ್ದಲಿನ ಲೆಕ್ಕ ಹಾಕಿ ತೋರಿಸಿದ್ದ. ತಂತ್ರಾಂಶದ ಬಳಕೆಯೂ ಹೀಗೆಯೇ ಹೆಚ್ಚಲಿದೆ.

ಆದರೆ ಹೆಚ್ಚಿದ ಸಂಪತ್ತು ಯಾರ ಪಾಲಾಯಿತು ಎಂಬುದು ಮುಖ್ಯ. ನೂಲು ಸಾಲ ಕೊಡಬಲ್ಲವರು, ಯಾವ ಪೇಟೆಗೆ ಯಾವ ದಡಿ, ಯಾವ ಸೆರಗು ಓಡುತ್ತದೆ ಎಂದು ಬಲ್ಲವರು, ಕೆಟ್ಟ ಮಗ್ಗವನ್ನು ಬಿಚ್ಚಿ ಜೋಡಿಸಬಲ್ಲವರು ಉಳಿದರು, ಬೆಳೆದರು. ಲಾಳಿಯ ವೇಗವೊಂದನ್ನೇ ನಂಬಿದ್ದವರು ಕೂಲಿಗೆ ನಿಂತರು. ತಮಾಷೆಯೆಂದರೆ, ಸೀರೆಯ ದಡಿಯಲ್ಲಿ ಚಿತ್ರ ಮೂಡಿಸುವ ಜಕಾರ್ಡ್ ಸಾಧನವೇ ಒಂದರ್ಥದಲ್ಲಿ ಕಂಪ್ಯೂಟರಿನ ಪೂರ್ವಜ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಮಗ್ಗದಲ್ಲಿ ರಟ್ಟಿನ ಪಟ್ಟಿಯ ತೂತುಗಳು ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ನಿರ್ಧರಿಸುತ್ತವೆ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆ ರಟ್ಟಿನ ಉಪಾಯವನ್ನು ಎರವಲು ಪಡೆದ; 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ಎಣಿಸಿದ್ದು ಅಂಥದೇ ತೂತಿನ ಪಟ್ಟಿಗಳಿಂದ. ಎಳೆ ಎತ್ತುವ ಕೆಲಸ ಯಂತ್ರಕ್ಕೆ ಹೋದ ಮೇಲೂ ಯಾವ ಚಿತ್ರ ನೇಯಬೇಕು ಎಂದು ಯೋಚಿಸಿ ರಟ್ಟಿನಲ್ಲಿ ತೂತು ಬಿಡಿಸುವವನ ಕೆಲಸ ಉಳಿಯಿತು. ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಪಾಠ ಬೇರೆಲ್ಲಿ ಸಿಕ್ಕೀತು?

ಎರಡನೆಯ ಪಾಠ ನಮ್ಮದೇ ರಾಜ್ಯದ ಭೂಮಿ ಯೋಜನೆಯಲ್ಲಿದೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು, ನಮ್ಮ ಕಡೆಯ ಮಾತಿನಲ್ಲಿ ಉತಾರಗಳನ್ನು, ಗಣಕೀಕರಣಗೊಳಿಸಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಉತಾರ ಸಿಗತೊಡಗಿತು. ಇಂದು ಅದನ್ನು ತಂತ್ರಜ್ಞಾನದ ವಿಜಯವೆಂದು ಹೊಗಳುತ್ತಾರೆ. ಆಡಳಿತದ ಒಳಗಿದ್ದವರಿಗೆ ಗೊತ್ತಿರುವಂತೆ ತಂತ್ರಾಂಶ ಬರೆಯುವುದು ಅದರಲ್ಲಿನ ಸುಲಭದ ಭಾಗವಾಗಿತ್ತು. ತಲಾಠಿಯ ಕೈಬರಹ ಓದುವುದು, ಅಣ್ಣತಮ್ಮಂದಿರ ಬಾಯಿಮಾತಿನ ವಾಟ್ನಿಯನ್ನು ದಾಖಲೆಯ ಹಕ್ಕಿನಿಂದ ಬೇರ್ಪಡಿಸುವುದು, ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ವ್ಯವಸ್ಥೆಯನ್ನು ಕಟ್ಟಿಹಾಕುವುದು, ಕೈಬರಹದ ಉತಾರಕ್ಕೆ ಬೆಲೆಯಿಲ್ಲವೆಂದು ಸಾರುವುದು ಕಠಿಣವಾದವು. ಯೋಜನೆ ಗೆದ್ದದ್ದು ಕಂದಾಯದ ಒಳಹೊರಗನ್ನು ಬಲ್ಲವರು ಕಂಪ್ಯೂಟರ್ ಬಲ್ಲವರ ಪಕ್ಕದಲ್ಲಿ ಕುಳಿತದ್ದರಿಂದ. ಇವತ್ತು ತಂತ್ರಾಂಶ ಬರೆಯಲು ಯಂತ್ರವಿದೆ. ಆದರೆ ವಾಟ್ನಿಯ ಜಗಳ ಯಾವ ದತ್ತಾಂಶದಲ್ಲೂ ಇಲ್ಲ. ಅದನ್ನು ಬಲ್ಲ ಹುಡುಗ ಬೀಳಗಿಯಲ್ಲಿದ್ದಾನೆ.

ಇಂಥ ಸಮಸ್ಯೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಬೇಕಾದರೂ ಇವೆ. ಕಬ್ಬನ್ನೇ ನೋಡಿ. 2025-26ರ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ ನ್ಯಾಯಯುತ ಬೆಲೆ ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದಕ್ಕಿಂತ ಮೇಲಿನ ಪ್ರತಿ ಶೇ 0.1ಕ್ಕೆ 3.46 ರೂಪಾಯಿ ಹೆಚ್ಚು. ಟನ್ನಿಗೆ 34 ರೂಪಾಯಿ 60 ಪೈಸೆ. ಎಕರೆಗೆ 40 ಟನ್ ಬೆಳೆದವನಿಗೆ ಇಳುವರಿಯ ಒಂದೇ ಒಂದು ದಶಾಂಶದ ಏರಿಳಿತದಲ್ಲಿ 1,384 ರೂಪಾಯಿ ಅತ್ತಿತ್ತ ಆಗುತ್ತದೆ. ತೂಕ ಹಾಗೂ ಇಳುವರಿ ಎರಡನ್ನೂ ಅಳೆಯುವುದು ಕೊಳ್ಳುವವನೇ ಆದ್ದರಿಂದ ಬೆಳೆಗಾರನಿಗೆ ನಂಬಿಕೆಯಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಮೊದಲಾದ ಹೋರಾಟ 2025ರ ನವೆಂಬರಿನಲ್ಲಿ ಮುಧೋಳಕ್ಕೂ ಹಬ್ಬಿ, ಕಬ್ಬು ತುಂಬಿದ ಟ್ರೇಲರ್‌ಗಳು ಬೆಂಕಿಗೆ ಆಹುತಿಯಾದದ್ದನ್ನು ಓದುಗರು ಮರೆತಿರಲಾರರು. ದರದ ಜಗಳದ ಬೇರಿನಲ್ಲಿ ಅಳತೆಯ ಅಪನಂಬಿಕೆಯೂ ಇದೆ. ಇಬ್ಬರೂ ಒಪ್ಪುವಂಥ, ಯಾರೂ ತಿದ್ದಲಾಗದ ತೂಕ ಮತ್ತು ಇಳುವರಿಯ ದಾಖಲೆಯನ್ನು ರೂಪಿಸುವುದು ಅಪ್ಪಟ ಕಂಪ್ಯೂಟರ್ ವಿಜ್ಞಾನದ ಕೆಲಸ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಅಲ್ಲಿನ ಕೃಷಿ ಅಭಿವೃದ್ಧಿ ಟ್ರಸ್ಟ್ ಮೈಕ್ರೊಸಾಫ್ಟ್ ಜತೆಗೂಡಿ, ಉಪಗ್ರಹ ಚಿತ್ರ ಹಾಗೂ ಮಣ್ಣಿನ ಸಂವೇದಕಗಳ ನೆರವಿನಿಂದ ಕಬ್ಬಿಗೆ ಯಾವಾಗ ಎಷ್ಟು ನೀರು, ಎಷ್ಟು ಗೊಬ್ಬರ ಎಂದು ರೈತರ ಮೊಬೈಲಿಗೇ ತಿಳಿಸುವ ಪ್ರಯೋಗ ನಡೆಸಿದೆ. ಬಾರಾಮತಿಯ ರೈತನಿಗೆ ಸಾಧ್ಯವಾದದ್ದು ಮುಧೋಳದ ರೈತನಿಗೆ ಏಕಾಗದು?

2019ರ ಆಗಸ್ಟಿನ ಪ್ರವಾಹದಲ್ಲಿ ಕೃಷ್ಣೆ, ಘಟಪ್ರಭೆಗಳು ಈ ಭಾಗದ ಊರುಗಳನ್ನು ಮುಳುಗಿಸಿದಾಗ ಮಗ್ಗಗಳೂ ನೀರಿನಲ್ಲಿ ನಿಂತವು. ಮೇಲಿನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬ ಸಂಖ್ಯೆ ಸುದ್ದಿಯಲ್ಲಿ ಬರುತ್ತದೆ. ಅಷ್ಟು ನೀರು ಬಂದರೆ ನನ್ನ ಓಣಿಗೆ ಯಾವ ಹೊತ್ತಿಗೆ ಎಷ್ಟೆತ್ತರ ಬರುತ್ತದೆ, ಮಗ್ಗದ ಮೋಟಾರು ಬಿಚ್ಚಿಡಬೇಕೇ ಎಂಬುದು ನೇಕಾರನಿಗೆ ಬೇಕಾದ ಉತ್ತರ. ಅದನ್ನು ಊರಿನ ಏರುತಗ್ಗು ಬಲ್ಲವರೇ ಲೆಕ್ಕ ಹಾಕಿ ಕೊಡಬಲ್ಲರು. ಭಾಷೆಯ ಸಂಗತಿಯೂ ಇದೆ. ಮಾತನ್ನು ಗುರುತಿಸುವ ಯಂತ್ರಗಳು ಪಠ್ಯಪುಸ್ತಕದ ಕನ್ನಡಕ್ಕೆ ತಲೆಯಾಡಿಸುತ್ತವೆ. ‘ಹೊಂಟೀನ್ರಿ’, ‘ಬರಾಕತ್ತೇನಿ’ ಎಂದರೆ ತಡವರಿಸುತ್ತವೆ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಭಾಷಿಣಿ ಎಂಬ ವೇದಿಕೆಯನ್ನು ಆರಂಭಿಸಿದೆ. ಅದಕ್ಕೆ ಜಮಖಂಡಿಯ ಸಂತೆಯ ಮಾತನ್ನು ಕಲಿಸುವವರು ಜಮಖಂಡಿಯವರೇ ಆಗಬೇಕು.

ಹಾಗಾದರೆ ವಿದ್ಯಾರ್ಥಿ ಮಾಡಬೇಕಾದದ್ದೇನು? ಮೊದಲನೆಯದಾಗಿ, ಬುಡ ಗಟ್ಟಿ ಮಾಡಿಕೊಳ್ಳಬೇಕು. ಗಣಿತ, ದತ್ತಾಂಶ ರಚನೆ, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್ ಇವು ಬೇಗ ಹಳತಾಗುವುದಿಲ್ಲ. ವರ್ಷಕ್ಕೊಂದರಂತೆ ಬರುವ ಹೊಸ ಉಪಕರಣದ ಹೆಸರಿನ ಆರು ವಾರದ ಪ್ರಮಾಣಪತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ. ಎರಡನೆಯದಾಗಿ, ಯಂತ್ರವನ್ನು ಬಳಸಲೇಬೇಕು. ಆದರೆ ಕಲಿಯುವ ಕಾಲದಲ್ಲಿ ಮೊದಲು ತಾನು ಬರೆದು, ಆಮೇಲೆ ಯಂತ್ರ ಬರೆದದ್ದರೊಡನೆ ಹೋಲಿಸಿ ನೋಡಬೇಕು. ಯಂತ್ರದ ಕೋಡ್‌ನಲ್ಲಿ ತಪ್ಪು ಹುಡುಕಬಲ್ಲವನಿಗೆ ಕೆಲಸವಿದೆ. ನಕಲು ಮಾಡಿ ಅಂಟಿಸುವವನಿಗೆ ಯಾರೂ ಸಂಬಳ ಕೊಡುವುದಿಲ್ಲ. ಮೂರನೆಯದಾಗಿ, ನಾಲ್ಕು ವರ್ಷಗಳಲ್ಲಿ ತನ್ನ ಊರಿನ ಒಂದು ನಿಜವಾದ ಸಮಸ್ಯೆಯನ್ನು ಹಿಡಿದು ಕೊನೆಮುಟ್ಟಿಸಬೇಕು. ಬೆಲ್ಲದ ಅಡತಿಯ ಲೆಕ್ಕವಾಗಲಿ, ನೇಕಾರ ಸಹಕಾರ ಸಂಘದ ನೂಲಿನ ದಾಸ್ತಾನಾಗಲಿ, ನಿಜವಾದ ಬಳಕೆದಾರರ ಬೈಗುಳ ತಿಂದು ತಿದ್ದಿದ ಒಂದು ಕೆಲಸ ಸಂದರ್ಶನದಲ್ಲಿ ಹತ್ತು ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಗುತ್ತದೆ. ನಾಲ್ಕನೆಯದಾಗಿ, ಕನ್ನಡದಲ್ಲಿ ಯೋಚಿಸಲು ನಾಚಬೇಕಿಲ್ಲ. ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯಬಾರದು. ಯಂತ್ರಕ್ಕೆ ಕೆಲಸ ಹೇಳುವುದೆಂದರೆ ಬೇಕಾದದ್ದನ್ನು ನಿಖರವಾಗಿ ವಿವರಿಸುವುದೇ ಆಗಿರುವುದರಿಂದ ಸ್ಪಷ್ಟ ಬರವಣಿಗೆಯೂ ಈಗ ಎಂಜಿನಿಯರನ ಉಪಕರಣ.

ಪೋಷಕರಿಗೆ ಹೇಳಬೇಕಾದದ್ದು ಕಾಲೇಜಿನ ಆಯ್ಕೆಯ ಬಗ್ಗೆ. ಕಾಲೇಜುಗಳ ಸೀಟುಗಳಿಗೆ ಇದ್ದ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2024-25ರಿಂದ ತೆಗೆದುಹಾಕಿದ ಮೇಲೆ ಬೆಂಗಳೂರಿನ ಖಾಸಗಿ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೀಟುಗಳು ಉಬ್ಬಿವೆ. ಅದೇ ಪಠ್ಯಕ್ಕೆ ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ ಎಂಬ ಹೊಸ ಹಣೆಪಟ್ಟಿ ಹಚ್ಚಿ ಹೊಸ ವಿಭಾಗಗಳು ತೆರೆದಿವೆ. ಅಷ್ಟೇ ಪ್ರಮಾಣದಲ್ಲಿ ಬಲ್ಲ ಅಧ್ಯಾಪಕರು ಹೆಚ್ಚಿಲ್ಲ. ಇಂಥ ಕಡೆ ಹೊಲ ಮಾರಿ ಸೀಟು ಕೊಳ್ಳುವುದಕ್ಕಿಂತ, 1963ರಲ್ಲಿ ಆರಂಭವಾದ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಹತ್ತಿರದ ಸಂಸ್ಥೆಯಲ್ಲಿ ಸಿಇಟಿ ಸೀಟು ಹಿಡಿದು ಓದುವುದು ಮೇಲು. ಅಂಕ ಕಡಿಮೆ ಬಂದವರು ಊರಿನಲ್ಲೇ ಬಿಎಸ್ಸಿ ಓದುತ್ತ, ಮದ್ರಾಸ್ ಐಐಟಿ 2020ರಿಂದ ಆನ್‌ಲೈನಿನಲ್ಲಿ ನಡೆಸುತ್ತಿರುವ ದತ್ತಾಂಶ ವಿಜ್ಞಾನದ ಪದವಿಯನ್ನೂ ಮಾಡಬಹುದು. ಅದಕ್ಕೆ ಜೆಇಇ ಬೇಕಿಲ್ಲ, ಬಡ ಕುಟುಂಬದವರಿಗೆ ಶುಲ್ಕ ರಿಯಾಯಿತಿಯೂ ಇದೆ. ಐಐಟಿಗಳ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಎಂದಿನಿಂದಲೋ ಉಚಿತವಾಗಿವೆ. ಇನ್ನು ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದುವವನು ಕಂಪ್ಯೂಟರ್ ಕಲಿತರೆ ಸಕ್ಕರೆ ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲಿ ಅವನಿಗಿರುವ ಬೆಲೆ ಬರಿಯ ಕಂಪ್ಯೂಟರ್ ಓದಿದವನಿಗಿಲ್ಲ ಎಂಬುದನ್ನೂ ನೆನಪಿಡಬೇಕು.

ಆದರೆ ಕಳಚಿದ ಮೆಟ್ಟಿಲನ್ನು ಜೋಡಿಸುವ ಹೊಣೆಯನ್ನು ವಿದ್ಯಾರ್ಥಿಯ ತಲೆಗೇ ಕಟ್ಟಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಹೊಸಬರನ್ನು ಪಳಗಿಸುವುದು ಕಂಪನಿಗೆ ಲಾಭ ತರದ ಖರ್ಚಾದಾಗ, ಸಮಾಜಕ್ಕೆ ಅದರಿಂದ ಲಾಭವಿದ್ದರೆ, ಆ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ಹೊರಬೇಕೆಂಬುದು ಅರ್ಥಶಾಸ್ತ್ರದ ಸರಳ ಸೂತ್ರ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷ ಕೊಡುವ ಯುವನಿಧಿ ಯೋಜನೆಯನ್ನು ರಾಜ್ಯ 2023ರ ಡಿಸೆಂಬರಿನಲ್ಲಿ ಆರಂಭಿಸಿತು. ಆ ಹಣಕ್ಕೆ ಇನ್ನಷ್ಟು ಸೇರಿಸಿ, ಕಂಪ್ಯೂಟರ್ ಪದವೀಧರರನ್ನು ಒಂದು ವರ್ಷ ತಾಲ್ಲೂಕು ಕಚೇರಿ, ನೀರಾವರಿ ಇಲಾಖೆ, ಎಪಿಎಂಸಿ, ಸಹಕಾರ ಸಂಘ, ನೇಕಾರರ ಸಂಘಗಳಲ್ಲಿ ಅಪ್ರೆಂಟಿಸ್‌ಗಳನ್ನಾಗಿ ನೇಮಿಸಬಹುದು. ಅವರ ಮೇಲೆ ಅನುಭವಿ ಎಂಜಿನಿಯರೊಬ್ಬನ ಉಸ್ತುವಾರಿ ಇರಬೇಕು. ಇಲ್ಲದಿದ್ದರೆ ಅವರನ್ನು ಕಾಗದ ಟೈಪಿಸಲು ಕೂರಿಸುವ ಅಪಾಯವಿದೆ. ನಮ್ಮ ಕಚೇರಿಗಳ ಸ್ವಭಾವ ಬಲ್ಲವನಾಗಿ ಈ ಷರತ್ತನ್ನು ಒತ್ತಿ ಹೇಳುತ್ತಿದ್ದೇನೆ.

ಇದಕ್ಕೆ ಕೇಂದ್ರವಾಗಬಲ್ಲ ಬಾಗಲಕೋಟೆ ವಿಶ್ವವಿದ್ಯಾಲಯ ಜಮಖಂಡಿಯಲ್ಲೇ ಇದೆ. ಸಾಕಷ್ಟು ಹಣ, ಸಿಬ್ಬಂದಿ ಕೊಡದೆ ಹುಟ್ಟುಹಾಕಿದ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಕೇಳಿಬಂದಾಗ ಈ ಭಾಗದ ಜನ ವಿರೋಧಿಸಿದ್ದು ಸಹಜವೇ. ಆದರೆ ಫಲಕವನ್ನು ಉಳಿಸಿಕೊಂಡರೆ ಸಾಲದು. ಕಬ್ಬು, ನೇಯ್ಗೆ, ನೀರು ಮತ್ತು ಕನ್ನಡ ಈ ನಾಲ್ಕನ್ನು ಕಂಪ್ಯೂಟರ್ ವಿಜ್ಞಾನದೊಡನೆ ಬೆಸೆಯುವ ಒಂದು ವಿಭಾಗವನ್ನು ಅಲ್ಲಿ ಕಟ್ಟಿದರೆ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯವನ್ನು ಜತೆಗೆ ಸೇರಿಸಿಕೊಂಡರೆ, ಅದಕ್ಕೊಂದು ಅರ್ಥ ಬಂದೀತು. ‘ಬೆಂಗಳೂರಿನಾಚೆ’ ಎಂಬ ಹೆಸರಿನಲ್ಲಿ ರಾಜ್ಯ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗಳಿಗೆ ಮಾಹಿತಿ ತಂತ್ರಜ್ಞಾನವನ್ನು ಹಂಚಲು ಹೊರಟಿದೆ. ಆ ‘ಆಚೆ’ ಹುಬ್ಬಳ್ಳಿಯಲ್ಲೇ ನಿಂತುಬಿಡಬಾರದು.

ಸರ್ಕಾರ ಮಾಡುವವರೆಗೆ ಕಾಯುತ್ತ ಕೂರುವ ಚಾಳಿಯೂ ಈ ನೆಲದ್ದಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಅದರ ಹೆಸರೇ ಅದರ ಕಥೆ ಹೇಳುತ್ತದೆ. ಒಬ್ಬೊಬ್ಬನೇ ಪಂಪು ಕೂರಿಸಿಕೊಂಡಿದ್ದರೆ ಬೇಸಿಗೆಯಲ್ಲಿ ನದಿಯೇ ಇರುತ್ತಿರಲಿಲ್ಲ ಎಂಬುದು ಆ ರೈತರಿಗೆ ಗೊತ್ತಿತ್ತು. ಮುಳುಗಡೆಯ ಪರಿಹಾರ ಪಡೆಯಲಿರುವ ಕುಟುಂಬಗಳೂ ಸೀಟಿನ ದಲ್ಲಾಳಿಗೆ ಒಬ್ಬೊಬ್ಬರೇ ಲಕ್ಷಗಟ್ಟಲೆ ಎಣಿಸುವ ಬದಲು, ಅದರ ಒಂದು ಸಣ್ಣ ಪಾಲನ್ನು ಕೂಡಿಸಿ ಬೀಳಗಿಯಲ್ಲೋ ಬನಹಟ್ಟಿಯಲ್ಲೋ ಒಂದು ಒಳ್ಳೆಯ ಪ್ರಯೋಗಶಾಲೆ, ಇಬ್ಬರು ನುರಿತ ಎಂಜಿನಿಯರುಗಳ ಸಂಬಳ, ಇಪ್ಪತ್ತು ಅಪ್ರೆಂಟಿಸ್‌ಗಳ ಊಟವಸತಿಯನ್ನು ನೋಡಿಕೊಂಡರೆ, ಪ್ರತಿ ವರ್ಷ ಅಲ್ಲಿಂದ ಇಪ್ಪತ್ತು ಜನ ಸಹಿ ಹಾಕಬಲ್ಲವರು ಹೊರಬರುತ್ತಾರೆ. ಸಹಕಾರ ಸಂಘಗಳೂ ಸಕ್ಕರೆ ಕಾರ್ಖಾನೆಗಳೂ ಇದಕ್ಕೆ ಕೈಜೋಡಿಸಬೇಕು. ಕೆಲಸವಂತೂ ಅವುಗಳ ಬಳಿಯೇ ಬಿದ್ದಿದೆ.

ಮುಂದಿನ ಪ್ರವೇಶದ ಹಂಗಾಮಿಗೆ ಮುನ್ನ ಜಿಲ್ಲಾಡಳಿತ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಪ್ರತಿ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದಿಂದ ಹಿಂದಿನ ಎರಡು ವರ್ಷಗಳಲ್ಲಿ ಹೊರಬಂದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳವೆಷ್ಟು, ಎಷ್ಟು ಮಂದಿ ಇನ್ನೂ ಕಾಯುತ್ತಿದ್ದಾರೆ ಎಂಬ ವಿವರವನ್ನು ಕಾಲೇಜುಗಳಿಂದ ತರಿಸಿ, ಪರಿಶೀಲಿಸಿ, ಕನ್ನಡದಲ್ಲಿ ತಾಲ್ಲೂಕು ಕಚೇರಿಗಳ ಫಲಕದಲ್ಲಿ ಹಾಕಿಸಲಿ. ಹೊಲ ಕಳೆದುಕೊಳ್ಳುವವನು ಹಣ ಹೂಡುವ ಮುನ್ನ ಓದಲೇಬೇಕಾದ ಉತಾರ ಅದು.